ಮಕ್ಕಳ ಪುಸ್ತಕಗಳಲ್ಲಿ ಅಳಿಸಲಾದ ಹೆಚ್ಚುವರಿ ಮಕ್ಕಳನ್ನು ವಾಪಸು ಸೇರಿಸಿಕೊಳ್ಳುವ ಬಗ್ಗೆ

ಕಥಾಕುಟುಂಬ ಪರಿಷ್ಕರಣ ವಿಶೇಷಾಧಿಕಾರಿಯವರ ಕಚೇರಿ, ಚಿತ್ರದುರ್ಗ

ಸಂಖ್ಯೆ: ಕಕುಪ/ಹೆಚ್ಚುವರಿ ಮಕ್ಕಳು/7(6)/76-77
ದಿನಾಂಕ: 18-4-1977

ಸುತ್ತೋಲೆ

ವಿಷಯ: ಕಥೆ ಪುಸ್ತಕಗಳಲ್ಲಿನ ಮೂರನೆಯ ಹಾಗೂ ನಂತರದ ಮಕ್ಕಳಿಗೆ ಮಸಿ ಬಳಿದ ಕ್ರಮವನ್ನು ಹಿಂತೆಗೆದುಕೊಳ್ಳುವ ಬಗ್ಗೆ.

ಉಲ್ಲೇಖ: 1) ಈ ಕಚೇರಿಯ ಸುತ್ತೋಲೆ ದಿನಾಂಕ 5-7-1976.
2) ಹೊಸದುರ್ಗ ಮಕ್ಕಳ ವಾಚನಾಲಯದ ಮೇಲ್ವಿಚಾರಕಿಯವರ ಮೂರು ಪತ್ರಗಳು.
3) ಸದರಿಯವರು ಕೊಟ್ಟ ಹದಿನಾಲ್ಕು ಪುಟಗಳ ಹೇಳಿಕೆ.
4) ಹೊಳಲ್ಕೆರೆಯ ಶಾಲಾ ವಾರ್ಷಿಕೋತ್ಸವದಲ್ಲಿ ಹೊಡೆಯಲಾದ ಸಿಳ್ಳೆಗಳ ಬಗ್ಗೆ ವರದಿ.

1. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ, ಈ ನಾಲ್ಕೂ ತಾಲ್ಲೂಕುಗಳ ಬಸ್ ಸ್ಟ್ಯಾಂಡುಗಳಲ್ಲಿ, ಟೀ ಹೋಟೆಲುಗಳಲ್ಲಿ ಮತ್ತು ಕ್ಷೌರದ ಅಂಗಡಿಗಳಲ್ಲಿ ಈ ಕಚೇರಿಯ ಕಥೆಯನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಹೇಳಿಕೊಂಡು ನಗುತ್ತಿರುವುದು ಗಮನಕ್ಕೆ ಬಂದಿರುತ್ತದೆ. ನಗುವುದನ್ನು ನಿಷೇಧಿಸುವ ಅಧಿಕಾರ ಈ ಕಚೇರಿಗೆ ಇಲ್ಲವೆಂದು ಹಳೆಯ ಕಡತಗಳನ್ನು ಹುಡುಕಿ ಖಚಿತಪಡಿಸಿಕೊಳ್ಳಲಾಗಿದೆ. ಆದ್ದರಿಂದ ನಗುವವರು ಸರಿಯಾದ ಕಥೆಗೇ ನಗಲಿ ಎಂಬ ಉದ್ದೇಶದಿಂದ, ನಡೆದದ್ದನ್ನು ನಡೆದಂತೆ ಈ ಮೂಲಕ ಪ್ರಕಟಿಸಲಾಗಿದೆ.

2. ಹೊಸದುರ್ಗದಲ್ಲಿ ಹಳೆಯ ಧಾನ್ಯದ ಮಳಿಗೆಯೊಂದರ ಮುಂದಿನ ಕೋಣೆಯಲ್ಲಿ ಮಕ್ಕಳ ವಾಚನಾಲಯವೊಂದಿದೆ. ಎರಡು ಬೀರು, ಒಂದು ಜಮಖಾನ, ಇನ್ನೂರ ಹದಿನಾಲ್ಕು ಪುಸ್ತಕ. ಇದರ ಮೇಲ್ವಿಚಾರಕಿ ಮಾಡದಕೆರೆಯ ಶ್ರೀಮತಿ ದುರುಗಕ್ಕ, ವಯಸ್ಸು ನಲವತ್ತೊಂದು, ಹನ್ನೊಂದು ವರ್ಷದಿಂದ ಹಂಗಾಮಿ. ದಿನಾ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಾರೆ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಜಮಖಾನದ ಮೇಲೆ ಕೂರಿಸಿಕೊಂಡು ಕಥೆ ಓದುವುದು ಅವರ ರೂಢಿ. ಇದಕ್ಕೆ ಯಾವ ಆದೇಶವೂ ಇಲ್ಲ. ಇನ್ನು ಮುಂದೆ ಈ ಸುತ್ತೋಲೆಯಲ್ಲಿ ಅವರನ್ನು ಬರೀ ದುರುಗಕ್ಕ ಎಂದು, ಏಕವಚನದಲ್ಲೇ ಕರೆಯಲಾಗುವುದು. ಮಕ್ಕಳು ಕರೆಯುವುದೂ ಹಾಗೆಯೇ.

ಕಳೆದ ವರ್ಷ ಆಕೆಯನ್ನು ಖಾಯಂ ಮಾಡುವ ಕಾಗದ ಎಲ್ಲ ಮೇಜುಗಳನ್ನೂ ದಾಟಿ ಕೊನೆಗೆ ಒಬ್ಬರ ಮೇಜಿಗೆ ಬಂದು ಕೂತಿತ್ತು. ಆ ಒಬ್ಬರು ಈ ಕಚೇರಿಯ ವಿಶೇಷಾಧಿಕಾರಿಗಳಾದ ಶ್ರೀ ಮುರುಗಪ್ಪನವರು. ಉಲ್ಲೇಖ (1)ರ ಸುತ್ತೋಲೆಗೆ ಸಹಿ ಮಾಡಿದವರೂ ಅವರೇ.

3. ಸದರಿ ಸುತ್ತೋಲೆಯನ್ನು ಈಗ ಯಾರೂ ಒಪ್ಪಿಕೊಳ್ಳುತ್ತಿಲ್ಲವಾದ್ದರಿಂದ ಅದರ ಮುಖ್ಯಾಂಶಗಳನ್ನು ನೆನಪಿಸಲಾಗಿದೆ. ಒಂದು ಮನೆಗೆ ಎರಡೇ ಮಕ್ಕಳು ಎಂದು ಗೋಡೆಗೋಡೆಗೆ ಬರೆಸುತ್ತಿರುವಾಗ, ಕಥೆ ಪುಸ್ತಕಗಳಲ್ಲಿ ಐದು, ಆರು, ಏಳು ಮಕ್ಕಳು ಹಾಯಾಗಿ ಆಡಿಕೊಂಡಿರುವುದು ಓದುವವರಿಗೆ ಕೆಟ್ಟ ಮಾದರಿಯೆಂದು ಭಾವಿಸಿ, ಈ ಕೆಳಗಿನಂತೆ ಸೂಚಿಸಲಾಗಿತ್ತು:

(ಅ) ಮೊದಲ ಇಬ್ಬರನ್ನು ಉಳಿಸಿ, ಮೂರನೆಯ ಮಗುವಿನಿಂದ ಮುಂದಕ್ಕೆ ಹೆಸರು, ಮಾತು, ಕೆಲಸ ಎಲ್ಲಕ್ಕೂ ಓದಲು ಬಾರದಂತೆ ಕಪ್ಪು ಮಸಿ ಬಳಿಯತಕ್ಕದ್ದು.

(ಆ) ಚಿತ್ರವಿದ್ದಲ್ಲಿ ಹೆಚ್ಚುವರಿ ಮಗುವಿನ ಮೇಲೆ ಬಿಳಿ ಕಾಗದ ಅಂಟಿಸತಕ್ಕದ್ದು. ಆ ಮಗುವಿನ ಕೈಯಲ್ಲಿ ಕುಂಟಾಟದ ಬಿಲ್ಲೆ, ಹಗ್ಗ, ಕರು ಇತ್ಯಾದಿ ಇದ್ದಲ್ಲಿ ಅವನ್ನು ಹಾಗೇ ಬಿಡುವುದು.

(ಇ) ಎರಡನೆಯ ಹೆರಿಗೆಯಲ್ಲಿ ಅವಳಿ ಹುಟ್ಟಿದ್ದಲ್ಲಿ, ಕಥೆಯಲ್ಲಿ ಕಡಿಮೆ ಮಾತಾಡುವ ಮಗುವನ್ನು ಅಳಿಸತಕ್ಕದ್ದು.

(ಈ) ಒಂದೇ ಪುಸ್ತಕದಲ್ಲಿ ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ ಮೂವರೂ ಇದ್ದಲ್ಲಿ ಚಿಕ್ಕಪ್ಪನು ಅಜ್ಜನ ಮೂರನೆಯ ಮಗನಾಗುವುದರಿಂದ ಅವನನ್ನು ತೆಗೆಯತಕ್ಕದ್ದು. ಅಪ್ಪನೇ ಮೂರನೆಯವನಾಗಿದ್ದಲ್ಲಿ ಪುಸ್ತಕವನ್ನೇ ವಾಪಸು ಕಳಿಸುವುದು.

(ಉ) ಕೋಳಿ, ಹಂದಿ, ಮೊಲ ಇವುಗಳಿಗೂ ಇದು ಅನ್ವಯಿಸತಕ್ಕದ್ದು.

4. ಬೇರೆ ವಾಚನಾಲಯದವರು ಸುತ್ತೋಲೆಯನ್ನು ಮೊಳೆಗೆ ಸಿಕ್ಕಿಸಿ ಸುಮ್ಮನಾದರು. ದುರುಗಕ್ಕ ಹಾಗಲ್ಲ. ಬಂದ ಕಾಗದವನ್ನು ಪೂರ್ತಿ ಓದುವ ಚಾಳಿ ಆಕೆಗಿದೆ. ಓದಿ, ಮೂರು ಸಲ ಪತ್ರ ಬರೆದಳು. ಏಳು ಮಕ್ಕಳ ರಾಜನ ಕಥೆಯಲ್ಲಿ ಔಷಧಿಯ ನೀರು ತರುವವನು ಏಳನೆಯವನೇ, ಅವನನ್ನು ಅಳಿಸಿದರೆ ರಾಜ ಗುಣವಾಗುವುದು ಹೇಗೆ ಎಂಬುದು ಮೊದಲನೆಯದು. ಹಿರಿಯ ಮಗನೇ ತರತಕ್ಕದ್ದು ಎಂದು ಉತ್ತರ ಹೋಯಿತು. ಹಿರಿಯ ಮಗ ಎರಡನೆಯ ಪುಟದಲ್ಲೇ ಕಲ್ಲಾಗಿದ್ದಾನೆ ಎಂದು ಎರಡನೆಯ ಪತ್ರ ಬಂತು. ಕಲ್ಲಾದವನನ್ನು ಕೂಡಲೇ ಕರ್ತವ್ಯಕ್ಕೆ ಹಾಜರಾಗಲು ತಿಳಿಸುವುದು ಎಂದು ಉತ್ತರ ಹೋಯಿತು.

ಮೂರನೆಯ ಪತ್ರ ಬೇರೆ ಥರದ್ದು. 'ಹಳ್ಳದ ದಂಡೆಯ ತುಂಬುಮನೆ' ಎಂಬ ಮಕ್ಕಳ ಪುಸ್ತಕವನ್ನು ಬರೆದವರು ಸ್ವತಃ ಮುರುಗಪ್ಪನವರು. ಹಿರಿಯೂರಿನ ಕಡೆಯ ತಮ್ಮ ಊರು, ತಮ್ಮ ಮನೆ, ತಮ್ಮ ಒಡಹುಟ್ಟಿದವರ ಕಥೆ. ನಾಲ್ಕೂ ತಾಲ್ಲೂಕಿನ ಎಲ್ಲ ಶಾಲೆ, ವಾಚನಾಲಯಗಳಿಗೆ ಅದನ್ನು ಹಂಚಲಾಗಿತ್ತು, ಬೇಡವೆಂದವರಿಗೆ ಎರಡೆರಡು. ಆ ಮನೆಯಲ್ಲಿ ಏಳು ಮಕ್ಕಳು: ವೀರಭದ್ರ, ಗೌರಮ್ಮ, ಚನ್ನಬಸಪ್ಪ, ಬಸಮ್ಮ, ನಾಗಮ್ಮ, ಮುರುಗಪ್ಪ, ಸಿದ್ದಲಿಂಗ. ಆರನೆಯವರು ಸಾಹೇಬರೇ. ಈ ಪುಸ್ತಕವನ್ನೂ ಅಳಿಸಬೇಕೇ ಎಂದು ದುರುಗಕ್ಕ ಕೇಳಿದಳು. ಹೇಳಿಕೆಯಲ್ಲಿ ಆಕೆ ಒಪ್ಪಿಕೊಂಡಿರುವಂತೆ, ಬೇಡ ಅಂದಾರು ಎಂದೇ ಕೇಳಿದ್ದಳು.

ಬಂದ ಉತ್ತರ ಇದು: ಯಾವ ಪುಸ್ತಕಕ್ಕೂ ವಿನಾಯಿತಿ ಇಲ್ಲ. ಮತ್ತೆ ಪತ್ರ ಬರೆದು ಕಾಲಹರಣ ಮಾಡಿದಲ್ಲಿ ನಿಮ್ಮ ಖಾಯಮಾತಿಯನ್ನು ಮರುಪರಿಶೀಲಿಸಲಾಗುವುದು. ಕೆಳಗೆ ಮುರುಗಪ್ಪನವರ ಸಹಿ. ಪತ್ರವನ್ನು ಓದಿ ಸಹಿ ಮಾಡಿದರೋ, ಸಹಿ ಮಾಡಿ ಓದದೆ ಬಿಟ್ಟರೋ ಎಂಬ ಬಗ್ಗೆ ವಿಚಾರಣೆ ನಡೆಸಲಾಗಿ, ಎರಡನೆಯದು ನಿಜವೆಂದು ಸಾಬೀತಾಗಿರುತ್ತದೆ.

5. ದುರುಗಕ್ಕನಿಗೆ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಪಿಯುಸಿ ಓದುವ ಮಗಳು. ಗಂಡ ಇಲ್ಲ. ಹನ್ನೊಂದು ವರ್ಷ ಕಾದ ಕಾಗದವನ್ನು ಒಂದು ಶೀಷೆ ಮಸಿಗಾಗಿ ಕಳೆದುಕೊಳ್ಳುವ ಧೈರ್ಯ ಆಕೆಗಿರಲಿಲ್ಲ. ಕೂತು ಅಳಿಸಿದಳು. ಎಷ್ಟು ನೀಟಾಗಿ ಅಳಿಸಿದಳೆಂದರೆ, ಮೆಚ್ಚಿದ ಕಚೇರಿಯು ನಾಲ್ಕೂ ತಾಲ್ಲೂಕುಗಳ 'ತುಂಬುಮನೆ'ಯ ಪ್ರತಿಗಳನ್ನು ಮೂಟೆ ಕಟ್ಟಿ ಆಕೆಗೇ ಕಳಿಸಿತು. ಡಿಸೆಂಬರ್ ಅಂತ್ಯಕ್ಕೆ ಐದು ಸಾವಿರ ಮಕ್ಕಳನ್ನು ಅಳಿಸುವ ಗುರಿ ಇತ್ತು. ಗುರಿ ಮುಟ್ಟಲು ಮುರುಗಪ್ಪನವರು ಕಟ್ಟು ಬಿಚ್ಚದೆ ಮನೆಯಲ್ಲಿಟ್ಟಿದ್ದ ತಮ್ಮ ಸ್ವಂತ ಪ್ರತಿಗಳನ್ನೂ ಕಳಿಸಿಕೊಟ್ಟರು. ಪ್ರತಿಯೊಂದಕ್ಕೆ ಐದು ಮಕ್ಕಳ ಲೆಕ್ಕ ಸಿಗುತ್ತಿತ್ತು. ಒಟ್ಟು ಅರವತ್ತನಾಲ್ಕು ಪ್ರತಿ. ಅಳಿಸದ ಒಂದು ಪ್ರತಿಯೂ ಎಲ್ಲಿಯೂ ಉಳಿಯಲಿಲ್ಲ.

ಮೊದಲ ಪ್ರತಿ ಮುಗಿದಾಗ ಮಧ್ಯಾಹ್ನ ಮೂರು ಗಂಟೆ. ಮಸಿ ಆರಲಿ ಎಂದು ತೆರೆದಿಟ್ಟು, ಉಳಿದದ್ದನ್ನು ದುರುಗಕ್ಕ ಒಂದು ಸಲ ಓದಿ ನೋಡಿದಳು. ಓದಿದಾಗ ಹೊಳೆಯಿತು. ಆ ಪುಸ್ತಕದಲ್ಲಿ ಮೊದಲ ಇಬ್ಬರು, ವೀರಭದ್ರ ಮತ್ತು ಗೌರಮ್ಮ, ಒಂಬತ್ತನೆಯ ಪುಟದಲ್ಲೇ ಸಿಡುಬಿಗೆ ತೀರಿಹೋಗುತ್ತಾರೆ. ಸುತ್ತೋಲೆಯ ಪ್ರಕಾರ ಉಳಿಸಿಕೊಳ್ಳತಕ್ಕ ಮಕ್ಕಳು ಅವರಿಬ್ಬರೇ. ಅಲ್ಲಿಂದ ಮುಂದೆ ನೂರಾ ಹತ್ತು ಪುಟ ಒಬ್ಬ ತಾಯಿ ರೊಟ್ಟಿ ತಟ್ಟುತ್ತಾಳೆ, ತಟ್ಟೆ ಇಡುತ್ತಾಳೆ, ಬಾಗಿಲಿಗೆ ಬಂದು ಕೂಗುತ್ತಾಳೆ. ಯಾರೂ ಬರುವುದಿಲ್ಲ. ಬರೀ ಕಪ್ಪು.

ಉಳಿದ ಅರವತ್ತಮೂರನ್ನೂ ಆಕೆ ಅಳಿಸಿದಳು. ಆದರೆ ಆ ಮೊದಲ ಪ್ರತಿ ಓದಿದ ದಿನ ತನ್ನ ಬಸ್ಸು ಎದುರಿಗೇ ನಿಂತು ಹೊರಟುಹೋದದ್ದು ಆಕೆಗೆ ಗೊತ್ತೇ ಆಗಲಿಲ್ಲ ಎಂದು ಹೇಳಿಕೆಯ ಆರನೆಯ ಪುಟದಲ್ಲಿದೆ.

6. ನವೆಂಬರ್ ತಿಂಗಳ ಒಂದು ಶನಿವಾರ ಮುರುಗಪ್ಪನವರು ವಾಚನಾಲಯದ ತನಿಖೆಗೆ ದಯಮಾಡಿಸಿದರು. ಹೊಸದುರ್ಗದಲ್ಲಿ ನೆಂಟರ ಮದುವೆ ಇದ್ದುದರಿಂದ ಜೀಪಿನಲ್ಲಿ ಅವರ ತಾಯಿ ಶಿವಗಂಗಮ್ಮನವರೂ ಇದ್ದರು. ವಯಸ್ಸು ಎಪ್ಪತ್ತೊಂಬತ್ತು, ಓದು ಬಾರದು. ಮದುವೆಯೂಟಕ್ಕೆ ಇನ್ನೂ ಹೊತ್ತಿತ್ತು. ಜಮಖಾನದ ಮೇಲೆ ಇಪ್ಪತ್ತು ಮಕ್ಕಳು ಕೂತಿದ್ದವು. ಸಾಹೇಬರಿಗೆ ಹುರುಪು ಬಂದು, ತಾಯಿಯನ್ನು ಕುರ್ಚಿಯ ಮೇಲೆ ಕೂರಿಸಿ, ತಮ್ಮ ಪುಸ್ತಕವನ್ನು ಎಲ್ಲರಿಗೂ ಕೇಳುವಂತೆ ಓದಲು ಆಜ್ಞಾಪಿಸಿದರು.

"ಸರ್, ಅದೊಂದು ಬ್ಯಾಡ್ರಿ. ಬೇರೆ ಯಾವ್ದಾರ ಓದ್ತೀನಿ," ಎಂದಳು ದುರುಗಕ್ಕ.

ಅವರು ಅದನ್ನು ಸಂಕೋಚವೆಂದು ತಿಳಿದರು. ಓದಲೇಬೇಕೆಂದರು. ಆಕೆ ಓದಿದಳು. ಪುಸ್ತಕ ನಾಲ್ಕು ನಿಮಿಷದಲ್ಲಿ ಮುಗಿಯಿತು. ವೀರಭದ್ರ ಹುಟ್ಟಿದ, ಗೌರಮ್ಮ ಹುಟ್ಟಿದಳು, ಇಬ್ಬರೂ ಹೋದರು. ಅವ್ವ ರೊಟ್ಟಿ ತಟ್ಟಿದಳು. ಅವ್ವ ಊಟಕ್ಕೆ ಕರೆದಳು. ಹಳ್ಳ ತುಂಬಿ ಬಂತು. ಅವ್ವ ಊಟಕ್ಕೆ ಕರೆದಳು. ಮುಕ್ತಾಯ.

ಶಿವಗಂಗಮ್ಮನವರು ಇನ್ನೂ ಇದೆಯೇನೋ ಎಂದು ಕಾದರು. ಆಮೇಲೆ ಕೇಳಿದರು:

"ಉಳಿದ ಐದು ಎಲ್ಲವ್ವ?"

"ಅಳ್ಸೀನವ್ವ. ಆರ್ಡರ್ ಬಂದಿತ್ತು."

"ಯಾರ್ದು ಆರ್ಡರು?"

ದುರುಗಕ್ಕ ಗೋಡೆಯ ಮೇಲಿನ ಸುತ್ತೋಲೆಯ ಕಡೆಗೂ ನೋಡಲಿಲ್ಲ, ಸಾಹೇಬರ ಕಡೆಗೂ ನೋಡಲಿಲ್ಲ. ಸಾಹೇಬರು ಪುಸ್ತಕ ಕಿತ್ತುಕೊಂಡು ಹಾಳೆ ತಿರುವುತ್ತಿದ್ದರು. ತಾವು ಹುಟ್ಟುವ ಪುಟದಲ್ಲಿ, ಮೊದಲ ಸಲ ಶಾಲೆಗೆ ಹೋಗುವ ಪುಟದಲ್ಲಿ, ಹಳ್ಳಕ್ಕೆ ಹಾರಿ ಅಕ್ಕ ಬಸಮ್ಮನನ್ನು ಬದುಕಿಸುವ ಪುಟದಲ್ಲಿ, ಎಲ್ಲಿ ನೋಡಿದರೂ ನೀಟಾದ ಕಪ್ಪು ಪಟ್ಟೆ. ಮಗನ ಮುಖ ನೋಡಿಯೇ ತಾಯಿಗೆ ಉತ್ತರ ಸಿಕ್ಕಿತು.

"ಮೊದಲ್ನೇವೆರಡನ್ನ ನಾನೇ ಮಣ್ಣಾಗಿಟ್ಟು ಬಂದೆ," ಎಂದರು ಶಿವಗಂಗಮ್ಮನವರು. "ಉಳಿದ ಐದ್ನ ನೀನು ಮಸಿ ಬಳ್ದು ಕಳಿಸ್ದೆ. ಅದ್ರಾಗೆ ನೀನೂ ಇದೀಯ, ನೋಡ್ಕೋ."

ಮದುವೆಗೆ ಅವರು ಹೋಗಲಿಲ್ಲ. ಜೀಪಿನಲ್ಲಿ ಹಿಂದೆ ಕೂತು ನೇರ ಚಿತ್ರದುರ್ಗಕ್ಕೆ ಬಿಡಲು ಹೇಳಿದರು ಎಂದು ಚಾಲಕನ ಹೇಳಿಕೆ ಇದೆ.

7. ಸೋಮವಾರ ದುರುಗಕ್ಕನಿಗೆ ಆಪಾದನಾ ಪತ್ರ ಜಾರಿಯಾಯಿತು. ಆಪಾದನೆ: ಕರ್ತವ್ಯದಲ್ಲಿರುವ ಮೇಲಧಿಕಾರಿಯನ್ನು ಅವರ ಲಿಖಿತ ಒಪ್ಪಿಗೆ ಪಡೆಯದೆ ಅರವತ್ತನಾಲ್ಕು ಸಲ ಅಳಿಸಿರುವುದು. ಆಕೆ ಮರುಟಪಾಲಿಗೆ ಅವರ ಲಿಖಿತ ಒಪ್ಪಿಗೆಯನ್ನು ಲಗತ್ತಿಸಿ ಕಳಿಸಿದಳು. ಅದನ್ನು ಸಾಹೇಬರು ಓದಿದರು. ಸೇವೆಗೆ ಸೇರಿದ ಮೇಲೆ ಅವರು ಪೂರ್ತಿ ಓದಿದ ಮೊದಲ ಪತ್ರ ಅದೇ ಇರಬೇಕೆಂದು ಗುಮಾಸ್ತರ ಅಭಿಪ್ರಾಯ.

ಮನೆಯಲ್ಲಿ ಅದಕ್ಕಿಂತ ದೊಡ್ಡ ತೊಂದರೆ ಎದುರಾಗಿತ್ತು. ಐದೂ ಮಕ್ಕಳನ್ನು ಬರೆಸಿ ವಾಪಸು ತರುವವರೆಗೆ ತಾನು ಈ ಮನೆಯಲ್ಲಿರುವುದಿಲ್ಲ, ಸಿರಿಗೆರೆಯ ಹತ್ತಿರ ಬಸಮ್ಮನ ಮನೆಗೆ ಹೋಗುತ್ತೇನೆ ಎಂದು ತಾಯಿ ಗಂಟು ಕಟ್ಟಿಟ್ಟಿದ್ದರು. ಹೆತ್ತ ತಾಯಿ ಮನೆ ಬಿಟ್ಟಳಂತೆ ಎಂಬ ಸುದ್ದಿ ಅಲ್ಲಿನ ಮಠದ ಕಡೆಯ ಜನರ ಕಿವಿಗೆ ಬಿದ್ದರೆ ತಲೆಯೆತ್ತುವ ಹಾಗಿಲ್ಲ. ಮತ್ತೆ ಅಚ್ಚು ಹಾಕಿಸೋಣವೆಂದರೆ ಅಚ್ಚಿನ ಮನೆ ಮುಚ್ಚಿತ್ತು. ಹಸ್ತಪ್ರತಿಯ ಹಾಳೆಗಳಲ್ಲಿ ಎಂದೋ ಖಾರ ಕಟ್ಟಿಯಾಗಿತ್ತು. ಸಾಹೇಬರಿಗೆ ತಾವೇನು ಬರೆದಿದ್ದೆವೆಂದು ನೆನಪಿರಲಿಲ್ಲ. ಅಳಿಸಿದವಳಿಗೆ ನೆನಪಿರಬಹುದು, ತಪ್ಪಿದ್ದನ್ನು ತಾಯಿ ಹೇಳಲಿ ಎಂದು ತೀರ್ಮಾನಿಸಿ, ಜನವರಿಯಲ್ಲಿ ದುರುಗಕ್ಕನನ್ನು ಹನ್ನೊಂದು ದಿನ ವಿಶೇಷ ಕರ್ತವ್ಯದ ಮೇಲೆ ಚಿತ್ರದುರ್ಗದ ಅವರ ಮನೆಗೆ ನಿಯೋಜಿಸಲಾಯಿತು.

8. ಹಿತ್ತಲಲ್ಲಿ ಕಾಲು ಚಾಚಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಶಿವಗಂಗಮ್ಮನವರು ಹೇಳಿದರು, ದುರುಗಕ್ಕ ಬರೆದಳು. ಚನ್ನಬಸಪ್ಪನ ಮೊಂಡತನ, ನಾಗಮ್ಮ ಮಣ್ಣು ತಿನ್ನುತ್ತಿದ್ದದ್ದು, ಸಿದ್ದಲಿಂಗ ಮೂರು ವರ್ಷವಾದರೂ ಮಾತಾಡದೆ ಒಂದು ದಿನ ಇದ್ದಕ್ಕಿದ್ದಂತೆ ಮಜ್ಜಿಗೆ ಕೇಳಿದ್ದು. ಪುಸ್ತಕದಲ್ಲಿ ಇದ್ಯಾವುದೂ ಇರಲಿಲ್ಲ. ಮಸಿ ಬಳಿದ ಜಾಗವೆಷ್ಟೋ ಅಷ್ಟಕ್ಕೆ ಅಳವಡಿಸಿ ದುರುಗಕ್ಕ ಬರೆದುಕೊಂಡಳು.

ಏಳನೆಯ ದಿನ ಹಳ್ಳದ ಸಂಗತಿ ಬಂತು. ಒಂಬತ್ತು ವರ್ಷದ ಮುರುಗಪ್ಪ ತುಂಬಿದ ಹಳ್ಳಕ್ಕೆ ಹಾರಿ ಅಕ್ಕನನ್ನು ಎಳೆದು ದಡ ಸೇರಿಸಿದ ಎಂದು ಪುಸ್ತಕದಲ್ಲಿತ್ತೆಂದು ದುರುಗಕ್ಕ ನೆನಪಿಸಿದಳು. ಮುದುಕಿಯ ಕೈ ನಿಂತಿತು. ಹಾಗಲ್ಲ ಅದು, ಎಂದರು. ತೇಲಿಹೋದ ಟೋಪಿ ಹಿಡಿಯಲು ನೀರಿಗಿಳಿದವನು ಇವನು. ಜುಟ್ಟು ಹಿಡಿದು ಎಳೆದು ಹಾಕಿದವಳು ಹದಿಮೂರರ ಬಸಮ್ಮ. ದಡದಲ್ಲಿ ಇವನು ಅತ್ತದ್ದು ಟೋಪಿಗೆ. ಅವಳಿಗೆ ಬಲಗಿವಿಗೆ ನೀರು ಹೋಗಿ, ಕೀವಾಗಿ, ಆ ಕಿವಿ ಇವತ್ತಿಗೂ ಕೇಳುವುದಿಲ್ಲ. ಅಷ್ಟೇ ಅಲ್ಲ, ಇನ್ನು ಇವನನ್ನು ಒಬ್ಬನೇ ಬಿಡಬಾರದೆಂದು ಬಸಮ್ಮನನ್ನು ಶಾಲೆ ಬಿಡಿಸಿದರು. ತಮ್ಮನನ್ನು ಶಾಲೆಗೆ ಬಿಟ್ಟು ಬರುವುದು, ಕರೆದು ತರುವುದು ಅವಳ ಕೆಲಸವಾಯಿತು. ಓದಿನಲ್ಲಿ ಐವರಲ್ಲೂ ಚುರುಕು ಅವಳೇ.

"ಬಿಡಿಸ್ದೋಳು ನಾನೇ ಕಣವ್ವ," ಎಂದರು ಶಿವಗಂಗಮ್ಮನವರು. "ಅವ್ರಪ್ಪ ಬ್ಯಾಡ ಅಂದಿದ್ರು."

ದುರುಗಕ್ಕ ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದಳು. ಆಕೆಗೆ ಖಾಯಮಾತಿಯ ಕಾಗದ ನೆನಪಾಯಿತು, ಮಗಳ ಮುಖ ನೆನಪಾಯಿತು. ಹೀಗೇ ಬರೆಯಲೇ ಎಂದು ಕೇಳಿದಳು.

"ಹೆಂಗಾಗೈತೋ ಹಂಗೇ ಬರಿ. ಒಂದ್ಸಲ ಅಳ್ಸಿದ್ದು ಸಾಕು."

ಆಕೆ ಹಾಗೇ ಬರೆದಳು. ಹೆದರಿಕೊಂಡೇ ಬರೆದೆನೆಂದು ಹೇಳಿಕೆಯಲ್ಲಿದೆ. ಅಕ್ಷರ ಮಾತ್ರ ಎಲ್ಲಿಯೂ ಹೆದರಿದಂತಿಲ್ಲ, ಕಚೇರಿಯಲ್ಲಿ ಪರಿಶೀಲಿಸಲಾಗಿದೆ.

9. ಅರವತ್ತನಾಲ್ಕು ಪ್ರತಿಗಳಿಗೂ ಕೈಬರಹದ ಚೀಟಿಗಳನ್ನು ಅಂಟಿಸಲಾಯಿತು. ಮಂಜೂರಾತಿಗಾಗಿ ಸಾಹೇಬರ ಮುಂದಿಟ್ಟಾಗ ಅವರು ಮೊದಲ ಪುಟದಲ್ಲಿ ತಮ್ಮ ಹೆಸರಿದೆಯೇ ಎಂದು ನೋಡಿ ಸಹಿ ಮಾಡಿದರು. ಪುಸ್ತಕಗಳು ನಾಲ್ಕೂ ತಾಲ್ಲೂಕಿಗೆ ಹಿಂದಿರುಗಿದವು.

ಮಾರ್ಚ್ ತಿಂಗಳಲ್ಲಿ ಹೊಳಲ್ಕೆರೆಯ ಒಂದು ಶಾಲೆಯವರು ವಾರ್ಷಿಕೋತ್ಸವಕ್ಕೆ ಮುರುಗಪ್ಪನವರನ್ನು ಮುಖ್ಯ ಅತಿಥಿಯಾಗಿ ಕರೆದು, ಅವರನ್ನು ಸಂತೋಷಪಡಿಸಲು ಅವರದೇ ಪುಸ್ತಕದ ಹಳ್ಳದ ಪ್ರಸಂಗವನ್ನು ನಾಟಕವಾಡಿಸಿದರು. ನೀಲಿ ಸೀರೆಯೊಂದನ್ನು ಇಬ್ಬರು ಹಿಡಿದು ಅಲುಗಿಸಿ ಹಳ್ಳ ಮಾಡಿದ್ದರು. ಹಾರ ಹಾಕಿಸಿಕೊಂಡ ಸಾಹೇಬರು ತಾವು ಹಾರುವ ಘಳಿಗೆಗಾಗಿ ಮುಂದಕ್ಕೆ ಬಾಗಿ ಕೂತಿದ್ದರು. ಟೋಪಿಗೆ ಇಳಿದ ಹುಡುಗನನ್ನು ಏಳನೇ ತರಗತಿಯ ಗಟ್ಟಿಮುಟ್ಟಾದ ಹುಡುಗಿಯೊಬ್ಬಳು ಜುಟ್ಟು ಹಿಡಿದು ದರದರ ಎಳೆದು ಸಾಹೇಬರ ಕಾಲ ಬುಡಕ್ಕೇ ತಂದು ಹಾಕಿದಳು. ಹುಡುಗ ಟೋಪಿ ಬೇಕೆಂದು ಅತ್ತನು. ಒಟ್ಟು ಸಿಳ್ಳೆ ನಲವತ್ತೇಳು. ತಾಯಂದಿರ ಕಡೆಯಿಂದಲೂ ಬಂದವೆಂದು ವರದಿಯಾಗಿದೆ.

ಸಾಹೇಬರು ಎದ್ದು ಮಾಡಬೇಕಾಗಿದ್ದ ಭಾಷಣ ಮಾಡದೆ ಜೀಪು ಹತ್ತಿದರು. ಮಾರನೆಯ ದಿನದಿಂದ ದೀರ್ಘ ರಜೆಯಲ್ಲಿದ್ದಾರೆ. ಹೋಗುವ ಮುನ್ನ, ಇನ್ನು ಮುಂದೆ ಮಕ್ಕಳ ಪುಸ್ತಕಗಳ ವಿಷಯದಲ್ಲಿ ತಾಯಂದಿರ ಹೇಳಿಕೆ ಪಡೆಯಬಾರದೆಂಬ ಕರಡು ಆದೇಶವೊಂದನ್ನು ಬರೆದಿಟ್ಟಿದ್ದಾರೆ. ಅದನ್ನು ಕಡತದಲ್ಲಿ ಇರಿಸಲಾಗಿದೆ; ಕಡತವನ್ನು ಎಲ್ಲಿ ಇರಿಸಲಾಗಿದೆ ಎಂಬುದು ತಿಳಿದುಬಂದಿಲ್ಲ. ಶಿವಗಂಗಮ್ಮನವರು ಪುಸ್ತಕದ ಒಂದು ಪ್ರತಿ ತೆಗೆದುಕೊಂಡು ಬಸಮ್ಮನವರ ಮನೆಗೆ ಹೋದವರು ಅಲ್ಲಿಯೇ ಇದ್ದಾರೆ.

10. ಮೇಲಿನ ಸಂಗತಿಗಳ ಹಿನ್ನೆಲೆಯಲ್ಲಿ, ದಿಲ್ಲಿಯ ಕಡೆಯ ಗಾಳಿಯೂ ಈಗ ಬದಲಾಗಿರುವುದನ್ನು ಗಮನಿಸಿ, ಸಂಬಂಧಪಟ್ಟವರೆಲ್ಲರಿಗೂ ಈ ಕೆಳಗಿನಂತೆ ಸೂಚಿಸಲಾಗಿದೆ:

(ಅ) ಅಳಿಸಲಾದ 4,312 ಮಕ್ಕಳನ್ನು ಮೇ ಅಂತ್ಯದೊಳಗೆ ಅವರವರ ಮನೆಗೆ ಸೇರಿಸತಕ್ಕದ್ದು. ಯಾರ ಮಗುವೆಂದು ಗೊತ್ತಾಗದಿದ್ದಲ್ಲಿ ಪುಸ್ತಕದ ಹತ್ತಿರದ ಮನೆಗೆ ಒಪ್ಪಿಸಿ ರಸೀದಿ ಪಡೆಯುವುದು.

(ಆ) ಕೋಳಿಮರಿಗಳನ್ನು ಅದೇ ಕೋಳಿಗೆ ಬಿಡತಕ್ಕದ್ದು. ಬಾತುಕೋಳಿಗೆ ಬಿಟ್ಟಿದ್ದಲ್ಲಿ ವಿವರಣೆ ಕೊಡುವುದು.

(ಇ) ಚಿಕ್ಕಪ್ಪಂದಿರು ಅಳಿಸಲ್ಪಟ್ಟಿದ್ದ ಅವಧಿಯನ್ನು ಸಂಬಳವಿಲ್ಲದ ರಜೆಯೆಂದು ಪರಿಗಣಿಸಲಾಗುವುದು. ಆ ಅವಧಿಯಲ್ಲಿ ಕಥೆಯಲ್ಲಿ ಮದುವೆ ನಡೆದಿದ್ದಲ್ಲಿ, ಅವರೂ ಉಂಡರು ಎಂದು ಒಂದು ಸಾಲು ಸೇರಿಸತಕ್ಕದ್ದು.

(ಈ) ಕಲ್ಲಾಗಿದ್ದು ಕರ್ತವ್ಯಕ್ಕೆ ಹಾಜರಾದ ಹಿರಿಯ ರಾಜಕುಮಾರರು ಪುನಃ ಕಲ್ಲಾಗಲು ಅನುಮತಿಸಲಾಗಿದೆ.

(ಉ) ಆರನೆಯ ಮಗು ಇಲ್ಲವೆಂದಾದಲ್ಲಿ ಆರನೆಯ ಮಗು ಹೊರಡಿಸಿದ ಸುತ್ತೋಲೆಯೂ ಇಲ್ಲ, ಸುತ್ತೋಲೆ ಇಲ್ಲವೆಂದಾದಲ್ಲಿ ಆ ಮಗು ಇದೆ ಎಂದು ಒಬ್ಬ ಗುಮಾಸ್ತರು ಎತ್ತಿರುವ ತಕರಾರಿನ ಬಗ್ಗೆ ಕಾನೂನು ಅಭಿಪ್ರಾಯ ಕೇಳಲಾಗಿದೆ. ಅಭಿಪ್ರಾಯ ಬರುವವರೆಗೆ ಶ್ರೀ ಮುರುಗಪ್ಪನವರನ್ನು ತಾತ್ಕಾಲಿಕವಾಗಿ ಇದ್ದಾರೆಂದು ಭಾವಿಸತಕ್ಕದ್ದು.

(ಊ) ಅಧಿಕಾರಿಗಳು ತಮ್ಮ ಬಾಲ್ಯದ ಬಗ್ಗೆ ಮಕ್ಕಳಿಗೆ ಪುಸ್ತಕ ಬರೆದಲ್ಲಿ, ಬದುಕಿರುವ ಅಕ್ಕಂದಿರ ಸಹಿಯಿಲ್ಲದೆ ಅಚ್ಚಿಗೆ ಕಳಿಸತಕ್ಕದ್ದಲ್ಲ.

(ಋ) ದುರುಗಕ್ಕನವರ ಮೇಲಿನ ಆಪಾದನೆಯನ್ನು ಕೈಬಿಡಲಾಗಿದೆ. ಈ ಇಲಾಖೆಯಲ್ಲಿ ಪುಸ್ತಕವನ್ನಾಗಲಿ ಸುತ್ತೋಲೆಯನ್ನಾಗಲಿ ಮೊದಲಿನಿಂದ ಕೊನೆಯವರೆಗೆ ಓದುವ ಬೇರೊಬ್ಬ ನೌಕರರು ಸಿಗದ ಕಾರಣ, ಅವರನ್ನು ಇಂದಿನಿಂದ ಖಾಯಂಗೊಳಿಸಿ ಆದೇಶಿಸಲಾಗಿದೆ.

(ಸಹಿ) ಪಾಲಯ್ಯ
ಪ್ರಭಾರ ವಿಶೇಷಾಧಿಕಾರಿ
(ತಂದೆತಾಯಿಯ ಎಂಟನೆಯ ಮಗ)

ಪ್ರತಿಗಳು:

1) ನಾಲ್ಕೂ ತಾಲ್ಲೂಕುಗಳ ಶಾಲೆ ಮತ್ತು ವಾಚನಾಲಯಗಳಿಗೆ, ಕ್ರಮಕ್ಕಾಗಿ.
2) ನಾಲ್ಕೂ ತಾಲ್ಲೂಕುಗಳ ಟೀ ಹೋಟೆಲುಗಳಿಗೆ, ಕಥೆ ತಿದ್ದಿಕೊಳ್ಳುವ ಸಲುವಾಗಿ.
3) ಶ್ರೀ ಮುರುಗಪ್ಪನವರಿಗೆ, ರಜೆಯ ವಿಳಾಸಕ್ಕೆ. ಓದಿದ ಮೇಲೆ ಸಹಿ ಮಾಡತಕ್ಕದ್ದು.
4) ಶ್ರೀಮತಿ ದುರುಗಕ್ಕನವರಿಗೆ. ಇದಕ್ಕೆ ಉತ್ತರವಾಗಿ ಪತ್ರ ಬರೆಯದಿರಲು ಕೋರಿದೆ.
5) ಶ್ರೀಮತಿ ಬಸಮ್ಮನವರಿಗೆ, ಸಿರಿಗೆರೆ ಹತ್ತಿರ, ಮಾಹಿತಿಗಾಗಿ ಮಾತ್ರ. ಇದನ್ನು ಕ್ಷಮಾಪಣೆಯೆಂದು ಭಾವಿಸತಕ್ಕದ್ದಲ್ಲ. ಕ್ಷಮಾಪಣೆಗೆ ಈ ಕಚೇರಿಯಲ್ಲಿ ನಿಗದಿತ ನಮೂನೆ ಇರುವುದಿಲ್ಲ.